ಮೂರು ಗಂಟೆಯ ಗೂಡ್ಸ್ ಗಾಡಿ

ನಮ್ಮ ಮನೆಯ ಹಜಾರದಲ್ಲಿ ಒಂದು ಫೋಟೋ ತೂಗುಹಾಕಿದೆ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಕಪ್ ಗೆದ್ದಾಗ ತೆಗೆಸಿದ್ದು. ನಡುವಿನ ಕುರ್ಚಿಯಲ್ಲಿ, ತೊಡೆಯ ಮೇಲೆ ಕಪ್ ಇಟ್ಟುಕೊಂಡು, ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟವನೇ ತಾನು ಅನ್ನೋ ಹಾಗೆ ಎದೆ ಸೆಟೆಸಿಕೊಂಡು ಕೂತಿರುವವನು ನಾನು. ಮಿಕ್ಕವರ ತಲೆಗೂದಲು ಬೆವರಿನಲ್ಲಿ ಒದ್ದೆಯಾಗಿ ಹಣೆಗೆ ಅಂಟಿದೆ. ನನ್ನದು ಮಾತ್ರ ಮುಂದೆ ಗುಂಗುರಾಗಿ ಎದ್ದು, ಪಕ್ಕದಲ್ಲಿ ನೆಟ್ಟಗೆ ಬೈತಲೆ ಬಿದ್ದು, ಸಿನಿಮಾ ನಟನ ತಲೆಯ ಹಾಗಿದೆ. ಆ ತಲೆಯ ಕಥೆಯನ್ನೇ ಈಗ ಹೇಳೋದಕ್ಕೆ ಹೊರಟಿರೋದು.

ಇಷ್ಟು ವರ್ಷ ಬಂದವರೆಲ್ಲ ಆ ಫೋಟೋದ ಮುಂದೆ ನಿಂತು "ಓಹೋ, ಕ್ಯಾಪ್ಟನ್ನಾ?" ಅಂತ ಹೊಗಳಿ ಹೋಗಿದ್ದಾರೆ. ಯಾರೂ ತಲೆ ಎಣಿಸಿರಲಿಲ್ಲ. ಹೋದ ತಿಂಗಳು ಸಹಕಾರನಗರದ ಮಕ್ಕಳ ಫುಟ್‌ಬಾಲ್ ಕ್ಲಬ್ಬಿನವರು ಬಂದರು. ನಾಯಕತ್ವ, ಗೆಲುವು, ಮೌಲ್ಯ ಅಂತೆಲ್ಲ ನಾನು ಅರ್ಧ ಗಂಟೆ ಮಾತಾಡಬೇಕಂತೆ. ಅವರ ಜೊತೆ ಬಂದಿದ್ದ ಒಬ್ಬಳು ಹುಡುಗಿ ಫೋಟೋ ನೋಡಿ, ಬೆರಳು ಮಡಿಸಿ ಎಣಿಸಿ, "ತಾತ, ಇಲ್ಲಿ ಹತ್ತೇ ಜನ ಇದ್ದಾರಲ್ಲ?" ಅಂದಳು. ಒಬ್ಬನಿಗೆ ಏನೋ ಕೆಲಸ ಇತ್ತು ಕಣಮ್ಮ ಅಂತ ಹೇಳಿ, ಕಾಫಿ ತರುತ್ತೀನಿ ಅಂತ ಒಳಗೆ ಹೋದೆ. ಕಾಫಿ ಆಗಲೇ ಅವರ ಕೈಯಲ್ಲಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ಹೆಬ್ಬಾಳದ ರೈಲ್ವೆ ಗೇಟು ದಾಟಿ ಪೇಟೆ ಕಡೆಗೆ ಸ್ವಲ್ಪ ದೂರ ಬಂದರೆ ನಮ್ಮ ಕಾಲೇಜು. ಯಲಹಂಕ, ಜಕ್ಕೂರು, ಬಾಗಲೂರಿನ ಕಡೆಯಿಂದ ನಾವೆಲ್ಲ ಸೈಕಲ್ ತುಳಿದುಕೊಂಡು ಬರುತ್ತಿದ್ದೆವು. ಕಾಲೇಜಿನ ಹಿಂದೆ ಒಂದು ಚಿಕ್ಕ ಕೆರೆ. ಮಳೆಗಾಲದಲ್ಲಿ ನೀರು, ಸಂಕ್ರಾಂತಿ ಕಳೆದ ಮೇಲೆ ಒಣಗಿ, ಬಿರುಕು ಬಿಟ್ಟು, ಆಮೇಲೆ ದನ ತುಳಿದು ತುಳಿದು ಸಿಮೆಂಟಿನಷ್ಟು ಗಟ್ಟಿ. ಅದೇ ನಮ್ಮ ಫುಟ್‌ಬಾಲ್ ಮೈದಾನ. ಈಗ ಅಲ್ಲಿ ಹೋಗಿ ಕೆರೆ ಎಲ್ಲಿತ್ತು ಅಂತ ಕೇಳಿದರೆ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಕೆರೆಯ ಅಂಗಳದಲ್ಲಿ ಗೋಲಿನ ಕಂಬ ನೆಟ್ಟು ಹಾಗೇ ಬಿಟ್ಟು ಬರುವ ಹಾಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ಯಾರದಾದರೂ ಒಲೆಯ ಪಾಲಾಗಿರುತ್ತಿತ್ತು. ಹಾಗಾಗಿ ನಾಲ್ಕು ಸರ್ವೆ ಮರದ ಕಂಬ, ಅಡ್ಡಕ್ಕೆ ಎರಡು ಬಿದಿರು, ಇಷ್ಟನ್ನೂ ಕಾಲೇಜಿನ ಶೆಡ್ಡಿನಲ್ಲಿ ಇಟ್ಟಿರುತ್ತಿದ್ದರು. ದಿನಾ ಆಟಕ್ಕೆ ಮೊದಲು ನಾವೇ ಹೊತ್ತುಕೊಂಡು ಹೋಗಿ, ಗುಂಡಿಯ ಮಣ್ಣು ತೆಗೆದು, ನೆಟ್ಟು, ಆಟ ಮುಗಿದ ಮೇಲೆ ಕಿತ್ತು, ವಾಪಸ್ ಹೊತ್ತು ತರಬೇಕು. ಕಂಬಕ್ಕೆ ಇಬ್ಬರು. ಬುಡದ ಕಡೆ ಹೊತ್ತವನ ಭುಜ ಕೆಂಪಗಾಗುತ್ತಿತ್ತು, ತುದಿಯ ಕಡೆಯವನು ಹಾಡು ಹೇಳಿಕೊಂಡು ನಡೆಯಬಹುದಿತ್ತು. ಕ್ಯಾಪ್ಟನ್ ಆದ ನಾನು ಎಲ್ಲರಿಗಿಂತ ಮುಂದೆ, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ದಾರಿ ತೋರಿಸುವವನ ಹಾಗೆ ನಡೆಯುತ್ತಿದ್ದೆ. ಕೆರೆ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ ನೋಡಿ.

ಈ ಕಂಬದ ಪದ್ಧತಿ ನಮ್ಮ ಕೋಚ್‌ದು. ಅವರು ಕಾಲೇಜಿನ ಫಿಸಿಕಲ್ ಡೈರೆಕ್ಟರ್, ನಮಗೆಲ್ಲ ಮೇಷ್ಟ್ರು. ಕುಳ್ಳನೆಯ ಆಳು, ಖಾಕಿ ಚಡ್ಡಿ, ಜೇಬಿನಲ್ಲಿ ನಶ್ಯದ ಡಬ್ಬಿ, ಕಂಕುಳಲ್ಲಿ ಬಿಸಿಲಿಗೂ ಮಳೆಗೂ ಒಂದೇ ಕೊಡೆ. ಅವರು ಕೂಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಆಟ ಕಲಿಸುವುದಕ್ಕಿಂತ ಹೆಚ್ಚಾಗಿ ಅವರು ಕಂಬ ಹೊರುವುದನ್ನೇ ನೋಡುತ್ತಿದ್ದರು. ಮೂರು ಗಂಟೆಗೆ ಶೆಡ್ಡಿನಿಂದ ಕಂಬ ಏಳಬೇಕು. ಕಂಬ ಎದ್ದ ಮೇಲೆ ಬಂದವನಿಗೆ ಆವತ್ತು ಆಟ ಇಲ್ಲ, ಅವನು ಎಂಥ ಶೂರನಾಗಿರಲಿ. ಇದೊಂದು ನಿಯಮ. ಮ್ಯಾಚ್ ಆದ ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಅವರು ಫಲಿತಾಂಶವನ್ನು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದು, ಅದರ ಕೆಳಗೆ ಕಂಬ ಹೊತ್ತವರ ಹೆಸರುಗಳನ್ನು ದಪ್ಪಗೆ ಬರೆಯುತ್ತಿದ್ದರು. ಯಾಕೆ ಸಾರ್ ಹೀಗೆ ಅಂತ ಒಬ್ಬ ಕೇಳಿದ್ದಕ್ಕೆ, ಗೆದ್ದದ್ದು ಸೋತದ್ದು ಹೇಗೂ ಊರಿಗೆಲ್ಲ ಗೊತ್ತಾಗುತ್ತೆ, ಹೊತ್ತದ್ದು ನಾನು ಬರೆಯದಿದ್ದರೆ ಯಾರಿಗೂ ಗೊತ್ತಾಗಲ್ಲ ಅಂದಿದ್ದರು.

ನಾಯಕತ್ವದ ಬಗ್ಗೆ ಅವರದು ಇನ್ನೂ ವಿಚಿತ್ರ. ಏನೇ ತಕರಾರು ಬಂದರೂ, "ಕ್ಯಾಪ್ಟನ್ ಏನ್ ಹೇಳ್ತಾನೋ ಅದು" ಅಂದು ನಶ್ಯ ಏರಿಸಿ ಸುಮ್ಮನಾಗುತ್ತಿದ್ದರು. ಕ್ಯಾಪ್ಟನ್ ಹೇಳಿದ್ದು ಶುದ್ಧ ತಪ್ಪಾಗಿದ್ದರೂ ತಿದ್ದುತ್ತಿರಲಿಲ್ಲ. ನಾನು ತಿದ್ದಿದರೆ ಅದು ನನ್ನ ಬುದ್ಧಿ ಆಗುತ್ತೆ, ಅವನದಾಗೋದು ಯಾವಾಗ ಅನ್ನುತ್ತಿದ್ದರಂತೆ ಸ್ಟಾಫ್ ರೂಮಿನಲ್ಲಿ. ಇಂಥವರು ನನ್ನನ್ನು ಯಾಕೆ ಕ್ಯಾಪ್ಟನ್ ಮಾಡಿದರು ಅನ್ನೋದು ನನಗೆ ಇವತ್ತಿಗೂ ಬಗೆಹರಿದಿಲ್ಲ. ತಂಡದಲ್ಲಿ ನನಗಿಂತ ಚೆನ್ನಾಗಿ ಆಡುವವರು ಕಡಿಮೆ ಅಂದರೂ ಏಳು ಜನ ಇದ್ದರು. ಕೈಗಡಿಯಾರ ಇದ್ದವನು ಮಾತ್ರ ನಾನೊಬ್ಬನೇ. ಅಪ್ಪನ ಹಳೇ ಗಡಿಯಾರ. ಕಂಬ ಏಳುವ ಹೊತ್ತು ನೋಡಲು ಒಬ್ಬ ಬೇಕಿತ್ತು, ಅಷ್ಟೇ ಇರಬೇಕು.

ಆದರೆ ನನ್ನ ತಲೆಯ ಮೇಲೆ ಕೊಂಬು ಮೂಡಿಬಿಟ್ಟಿತು. ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಶೆಡ್ಡಿನ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಾ ಒಬ್ಬೊಬ್ಬರನ್ನೇ ಕಣ್ಣಲ್ಲೇ ಹೆದರಿಸುತ್ತಿದ್ದೆ. ತಡವಾಗಿ ಬಂದವರೆಲ್ಲ ಹೇಳುತ್ತಿದ್ದ ಕಾರಣ ಒಂದೇ, ಹೆಬ್ಬಾಳದ ಗೇಟ್ ಹಾಕಿತ್ತು. ನಮ್ಮ ಕಡೆಯವರಿಗೆ ಗೇಟು ಅನ್ನೋದು ದೇವರು ಕೊಟ್ಟ ನೆಪ. ಮದುವೆಗೆ ತಡವಾದರೂ ಗೇಟು, ಪರೀಕ್ಷೆಗೆ ತಡವಾದರೂ ಗೇಟು. ನಾನು ಏನು ಮಾಡಿದೆ ಗೊತ್ತಾ? ಅಪ್ಪ ಯಶವಂತಪುರದ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಫುಟ್‌ಬಾಲ್ ಅಂದರೆ ಪೋಲಿಗಳ ಆಟ ಅಂತ ಮುಖ ಸಿಂಡರಿಸುತ್ತಿದ್ದವರು. ಅವರನ್ನು ಕೂರಿಸಿಕೊಂಡು, ಹೆಬ್ಬಾಳದ ಗೇಟನ್ನು ಯಾವ ಯಾವ ಗಾಡಿ ಎಷ್ಟು ಹೊತ್ತಿಗೆ ದಾಟುತ್ತೆ ಅಂತ ಕೇಳಿ ಕೇಳಿ ಬರೆದುಕೊಂಡೆ. ಅಪ್ಪನಿಗೆ ನನ್ನ ಫುಟ್‌ಬಾಲಿನಲ್ಲಿ ಹಿಡಿಸಿದ್ದು ಅದೊಂದೇ. ಹತ್ತು ಗಂಟೆ ಸುಮಾರಿಗೆ ಅಂತ ನಾನು ಬರೆದರೆ, ಸುಮಾರಿಗೆ ಅಂದ್ರೇನೋ, ಹತ್ತು ಗಂಟೆ ಏಳು ನಿಮಿಷ ಅಂತ ತಿದ್ದಿಸುತ್ತಿದ್ದರು. ಮುತ್ತಿನಂಥ ಅಕ್ಷರದಲ್ಲಿ ಪಟ್ಟಿ ಮಾಡಿ ಕೊಂಡುಹೋಗಿ ಮೇಷ್ಟ್ರಿಗೆ ಕೊಟ್ಟೆ. ಅವರು ಓದಿ, ನನ್ನನ್ನು ಒಂದು ಸಲ ನೋಡಿ, ಜೇಬಿನ ಪುಸ್ತಕದೊಳಗೆ ಅಂಟಿಸಿಕೊಂಡರು. ಅವತ್ತಿನಿಂದ ಯಾರೂ ಗೇಟಿನ ಹೆಸರು ಎತ್ತಲಿಲ್ಲ.

ಈಗ ಫೋಟೋದಲ್ಲಿ ಇಲ್ಲದವನ ವಿಷಯ. ಜಕ್ಕೂರಿನವನು, ನಮ್ಮ ತಂಡದಲ್ಲಿ ಎಡಗಡೆ ಆಡುತ್ತಿದ್ದ. ಮನೆಯಲ್ಲಿ ಹೊಲ, ಎಮ್ಮೆ. ಬೆಳಗ್ಗೆ ಹಾಲು ಕರೆದು, ಸೈಕಲ್ಲಿಗೆ ಕ್ಯಾನು ಕಟ್ಟಿ ಮನೆಮನೆಗೆ ಕೊಟ್ಟು ಕಾಲೇಜಿಗೆ ಬಂದು, ಆಟ ಆಡಿ, ಸಂಜೆ ಮತ್ತೆ ಹಾಲು ಕರೆಯುವುದಕ್ಕೆ ಓಡುತ್ತಿದ್ದ. ಬೂಟು ಹಾಕುತ್ತಿರಲಿಲ್ಲ. ಬರಿಗಾಲಲ್ಲಿ ಅವನು ಚೆಂಡನ್ನು ಕರೆದುಕೊಂಡು ಹೋಗುತ್ತಿದ್ದರೆ ಅದು ಅವನ ಮನೆಯ ಕರುವೇನೋ ಅನ್ನಿಸುತ್ತಿತ್ತು. ಕಂಬದ ಬುಡ ಯಾವಾಗಲೂ ಅವನ ಹೆಗಲ ಮೇಲೇ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇತ್ತು. ಇಷ್ಟು ವಯಸ್ಸಾದ ಮೇಲೆ ಇದನ್ನು ಮುಚ್ಚಿಟ್ಟು ಏನು ಮಾಡಲಿ?

ಅಂತರ ಕಾಲೇಜು ಪಂದ್ಯದಲ್ಲಿ ನಾವು ಹೇಗೋ ಸೆಮಿಫೈನಲ್ಲಿಗೆ ಬಂದೆವು. ಅವತ್ತು ಅವನು ಮೂರು ಗಂಟೆಗೆ ಬರಲಿಲ್ಲ. ಕಂಬ ಎದ್ದು, ನಾವು ಕೆರೆ ಏರಿ ಇಳಿಯುತ್ತಿದ್ದಾಗ ಸೈಕಲ್ಲನ್ನು ಎಸೆದು ಓಡಿ ಬಂದ. ಮೈಯೆಲ್ಲ ಬೆವರು, ಅಂಗಿಗೆ ಸಗಣಿ. ಅವನು ಗೇಟು ಗೀಟು ಅನ್ನಲಿಲ್ಲ. ಎಮ್ಮೆ ಕರು ಹಾಕಿತು, ಕರು ಅಡ್ಡ ಸಿಕ್ಕಿಕೊಂಡಿತ್ತು, ಅವ್ವ ಒಬ್ಬಳೇ ಇದ್ದಳು, ಬಿಟ್ಟು ಬರೋಕಾಗಲಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದ. ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ನನ್ನನ್ನು ನೋಡಿದರು.

"ಕ್ಯಾಪ್ಟನ್ ಏನ್ ಹೇಳ್ತಾನೋ ಅದು."

ನಾನು ಗಡಿಯಾರ ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ, ಆದರೂ ಮುಂಗೈ ಎತ್ತಿ, ತಿರುಗಿಸಿ, ಎಲ್ಲರಿಗೂ ಕಾಣುವ ಹಾಗೆ ನೋಡಿದೆ. "ನಿಯಮ ಅಂದ್ರೆ ನಿಯಮ ಸಾರ್. ಎಮ್ಮೆಗೊಂದು ನಮಗೊಂದು ಇಲ್ಲ" ಅಂದೆ. ಈ ಮಾತನ್ನು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತೆ. ಅವನು ತಲೆ ತಗ್ಗಿಸಿಕೊಂಡು ಹೋಗಿ ಕೆರೆ ಏರಿಯ ಮೇಲೆ ಕೂತ. ನಮ್ಮ ಅಂಗಿಗಳನ್ನೆಲ್ಲ ತೊಡೆಯ ಮೇಲೆ ಇಟ್ಟುಕೊಂಡು ಪೂರ್ತಿ ಮ್ಯಾಚು ನೋಡಿದ. ನಾವು ಸೋಲುವುದರಲ್ಲಿದ್ದು ಕೊನೆಯ ಗಳಿಗೆಯಲ್ಲಿ ಹೇಗೋ ಏದುಸಿರು ಬಿಡುತ್ತಾ ಗೆದ್ದೆವು. ಆಟ ಮುಗಿದ ಮೇಲೆ ಯಾರೂ ಹೇಳದೆಯೇ ಅವನು ಇಳಿದು ಬಂದು ಕಂಬ ಕಿತ್ತು ಬುಡಕ್ಕೆ ಹೆಗಲು ಕೊಟ್ಟ. ನಾನು ಚೆಂಡು ಹಿಡಿದು ಮುಂದೆ ನಡೆದೆ. ನಾಯಕ ಅಂದರೆ ಹೀಗಿರಬೇಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಫೈನಲ್ ನಮ್ಮ ಕೆರೆಯ ಅಂಗಳದಲ್ಲೇ ಆಗೋದು ಅಂತ ಗೊತ್ತಾಯಿತು. ಎದುರಾಳಿಗಳು ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ ಕಾಲೇಜಿನವರು, ಎಲ್ಲರಿಗೂ ಬೂಟು. ಮನೆಯಲ್ಲಿ ನಾನು ಒಂದು ವಾರ ಇದನ್ನೇ ಕೊರೆದೆ. ಕೊನೆಗೆ ಅಪ್ಪ, ಅಷ್ಟು ದೊಡ್ಡ ಮನುಷ್ಯ ಆಗಿದ್ದೀಯಾ, ನಾನೂ ಬಂದು ನೋಡ್ತೀನಿ, ಅರ್ಧ ದಿನ ರಜೆ ಹಾಕ್ತೀನಿ ಅಂದರು. ನನಗೆ ತಿಳಿದ ಹಾಗೆ ಅಪ್ಪ ನನಗೋಸ್ಕರ ರಜೆ ಹಾಕಿದ್ದು ಅದೇ ಮೊದಲು. ಬಿ.ಎಸ್ಸಿ.ಯಲ್ಲಿ ಒಂದು ಸಲ ಡುಮ್ಕಿ ಹೊಡೆದ ಮಗನ ಬಗ್ಗೆ ಅವರಿಗೆ ಹೆಮ್ಮೆಪಡಲು ಬೇರೆ ಏನೂ ಇರಲಿಲ್ಲ. ನಾನು ಕ್ಯಾಪ್ಟನ್ ಆಗಿ ಮೈದಾನಕ್ಕೆ ಇಳಿಯೋದನ್ನು ಅಪ್ಪ ಒಂದು ಸಲ ಕಣ್ಣಾರೆ ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹಾಗೆ ಸುಮ್ಮನೆ ಆಡಿ ಬಂದಿದ್ದರೆ ಆಗುತ್ತಿತ್ತು. ಗೆದ್ದರೆ ಫೋಟೋ ತೆಗೆಯುತ್ತಾರೆ ಅಂತ ಯಾರೋ ಹೇಳಿದರು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ಹೆಬ್ಬಾಳದ ಗೇಟಿನ ಪಕ್ಕದಲ್ಲೇ ಒಂದು ಸಲೂನು ಇತ್ತು. ಕ್ರಾಪು ತೆಗೆಸಿ, ಮುಂದಿನ ಕೂದಲನ್ನು ಏಳಿಸಿ, ಸಿನಿಮಾ ನಟರ ಹಾಗೆ ಮಾಡಿಸಿಕೊಂಡು ಹೋಗೋಣ ಅಂತ ಎರಡು ಗಂಟೆಗೇ ಹೋಗಿ ಕೂತೆ. ನನಗಿಂತ ಮೊದಲು ಒಬ್ಬ ಯಜಮಾನರು ಕೂತಿದ್ದರು. ಅವರ ಕ್ಷೌರ ಮುಗಿದು, ಮೀಸೆ ಮುಗಿದು, ಮಗಳ ಮದುವೆಯ ಮಾತೂ ಮುಗಿಯುವ ಹೊತ್ತಿಗೆ ನನ್ನ ಸರದಿ ಬಂತು. ಗಡಿಯಾರದೊಳಗೆ ಕೂದಲು ಹೋಗುತ್ತೆ ಅಂತ ಬಿಚ್ಚಿ ಎದುರಿಗಿದ್ದ ಗೂಡಿನಲ್ಲಿ ಬೋರಲು ಇಟ್ಟೆ. ಕನ್ನಡಿಯಲ್ಲಿ ನನ್ನ ಮುಖದ ಹಿಂದೆ ರೈಲ್ವೆ ಗೇಟು ಕಾಣುತ್ತಿತ್ತು. ನಾನು ಕೂತಿದ್ದಷ್ಟು ಹೊತ್ತೂ ಅದು ಆಕಾಶ ನೋಡುತ್ತಾ ನಿಂತಿತ್ತು, ಒಂದು ಸಲವೂ ಇಳಿಯಲಿಲ್ಲ.

ಕತ್ತಿಗೆ ಪೌಡರ್ ಹಾಕಿಸಿಕೊಂಡು, ಎಡಕ್ಕೆ ಬಲಕ್ಕೆ ತಿರುಗಿ ನೋಡಿಕೊಂಡು, ಗಡಿಯಾರ ಎತ್ತಿಕೊಂಡೆ. ಮೂರು ಗಂಟೆ ಐದು ನಿಮಿಷ. ಆ ಸೈಕಲ್ಲನ್ನು ಅವತ್ತು ತುಳಿದ ಹಾಗೆ ನಾನು ಜನ್ಮದಲ್ಲಿ ತುಳಿದಿಲ್ಲ. ಶೆಡ್ಡಿಗೆ ಬಂದರೆ ಬಾಗಿಲು ಹಾರು ಹೊಡೆದಿದೆ, ಕಂಬ ಇಲ್ಲ. ಕೆರೆ ಏರಿ ಹತ್ತಿ ಇಳಿದೆ. ಅವರೆಲ್ಲ ಆಗಲೇ ಗುಂಡಿಯ ಮಣ್ಣು ತೆಗೆದು ಮೊದಲ ಕಂಬ ನಿಲ್ಲಿಸುತ್ತಿದ್ದರು. ನನ್ನನ್ನು ನೋಡಿ ಎಲ್ಲರ ಕೈಯೂ ನಿಂತಿತು. ಮೇಷ್ಟ್ರು ಕೊಡೆಯ ಕೆಳಗೆ ನಿಂತಿದ್ದರು. ಯಾಕೆ ತಡ ಅಂತ ಅವರು ಕೇಳಲೇ ಇಲ್ಲ. ನಾನೇ ಬಾಯಿ ಬಿಟ್ಟೆ.

"ಗೇಟ್ ಹಾಕಿತ್ತು ಸಾರ್."

ತಲೆ ಪಳಪಳ ಹೊಳೆಯುತ್ತಿದೆ, ಕತ್ತಿನ ಸುತ್ತ ಬೆಳ್ಳಗೆ ಪೌಡರು, ಅರ್ಧ ಫರ್ಲಾಂಗಿಗೆ ಹೊಡೆಯುವ ಎಣ್ಣೆಯ ವಾಸನೆ. ಆ ಅವತಾರದಲ್ಲಿ ನಿಂತು ನಾನು ಗೇಟ್ ಹಾಕಿತ್ತು ಅಂದೆ. ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದರು. ನನಗೆ ಆಗ ನೆನಪಾಯಿತು ನೋಡಿ ಆ ಪಟ್ಟಿ. ಅವರು ನಿಧಾನವಾಗಿ ಹಾಳೆ ತಿರುಗಿಸಿ, ಬೆರಳಿಟ್ಟು ಓದಿ, ಎರಡೂವರೆಯಿಂದ ಮೂರೂಕಾಲರ ತನಕ ಹೆಬ್ಬಾಳದಲ್ಲಿ ಯಾವ ಗಾಡಿಯೂ ಇಲ್ಲವಲ್ಲ, ಇದು ನಿನ್ನ ಅಕ್ಷರವೇ ಅಲ್ಲವಾ ಅಂದರು. ಇನ್ನು ಮುಕ್ಕಾಲು ಗಂಟೆಯಲ್ಲಿ ಅಪ್ಪ ಬರುತ್ತಾರೆ. ಬಂದು ಕೆರೆ ಏರಿಯ ಮೇಲೆ ಕೂರುತ್ತಾರೆ. ಅವರ ಪಕ್ಕದಲ್ಲಿ, ತಂಡದವರ ಅಂಗಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೂ ಕೂರುತ್ತೇನೆ. ಇದಿಷ್ಟು ಕಣ್ಣ ಮುಂದೆ ಬಂತು.

ಜಕ್ಕೂರಿನವನು ಕಂಬವನ್ನು ಗುಂಡಿಯಲ್ಲಿ ನಿಲ್ಲಿಸಿ ಎರಡೂ ತೋಳಲ್ಲಿ ತಬ್ಬಿ ಹಿಡಿದುಕೊಂಡಿದ್ದ. ಇನ್ನೇನು, ಸೇಡು ತೀರಿಸಿಕೊಳ್ಳುತ್ತಾನೆ ಅಂದುಕೊಂಡೆ. ಅವನು ನನ್ನ ಕಡೆ ನೋಡಲಿಲ್ಲ.

"ಗೂಡ್ಸ್ ಗಾಡಿ ಸಾರ್. ನಾನು ದಾಟಿದ್ ಮ್ಯಾಲೆ ಬಂತು. ಗೇಟ್ ಇಳಿಸಿದ್ರು, ನಾನೇ ನೋಡ್ದೆ" ಅಂದ.

ಗೂಡ್ಸ್ ಗಾಡಿಗೆ ಟೈಮ್ ಟೇಬಲ್ ಇಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಗೂಡ್ಸ್ ಆಫೀಸಿನ ಗುಮಾಸ್ತರ ಮಗನಾಗಿ ನನಗೆ ಹೊಳೆಯದೇ ಹೋದದ್ದು ಅವನಿಗೆ ಹೊಳೆದಿತ್ತು. ಮೇಷ್ಟ್ರು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ನನ್ನ ಕಾಲರ್ ಮೇಲೆ ಬಿದ್ದಿದ್ದ ಕತ್ತರಿಸಿದ ಕೂದಲನ್ನು ಎರಡು ಬೆರಳಲ್ಲಿ ಎತ್ತಿ, ಊದಿ, ಗಾಳಿಗೆ ಬಿಟ್ಟರು.

"ಕ್ಯಾಪ್ಟನ್ ಏನ್ ಹೇಳ್ತಾನೋ ಅದು."

ಆಗಲೂ ಒಂದು ದಾರಿ ಇತ್ತು. ನಾನು ಆಡಲ್ಲ ಸಾರ್ ಅನ್ನಬಹುದಿತ್ತು. ಮೂರೇ ಮಾತು. "ಆಡ್ತೀನಿ ಸಾರ್" ಅಂದೆ.

ಅಪ್ಪ ನಾಲ್ಕು ಗಂಟೆಗೆ ಬಂದರು. ಇಸ್ತ್ರಿ ಮಾಡಿದ ಕೋಟು, ತಲೆಗೆ ಟೋಪಿ, ಅಧಿಕಾರಿಗಳನ್ನು ನೋಡಲು ಹೋಗುವಾಗಿನ ಪೋಷಾಕು. ಕೆರೆ ಏರಿಯ ಮೇಲೆ ಕರವಸ್ತ್ರ ಹಾಸಿ ಕೂತರು. ಆಟ ಶುರುವಾಗುವ ಮೊದಲು ಮೇಷ್ಟ್ರು ಹತ್ತಿ ಹೋಗಿ ಅವರ ಪಕ್ಕ ಕೂತು, ಕೊಡೆಯನ್ನು ಇಬ್ಬರಿಗೂ ಆಗುವ ಹಾಗೆ ಹಿಡಿದು, ಏನೋ ಕೇಳಿದರು. ಅಪ್ಪ ಏನೋ ಹೇಳಿದರು. ದೂರದಿಂದ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಏನೂ ಕೇಳಿಸಲಿಲ್ಲ.

ನಾನು ಆಡಿದ ಆಟ ಹೇಳಿಕೊಳ್ಳುವ ಹಾಗಿಲ್ಲ. ಬೆವರಿಗೆ ಚೂರು ಕೂದಲೆಲ್ಲ ಬೆನ್ನಿಗೆ ಇಳಿದು ಚುಚ್ಚುತ್ತಿತ್ತು. ಒಂದು ಕೈ ಬೆನ್ನು ಕೆರೆಯುವುದಕ್ಕೆ, ಇನ್ನೊಂದು ಮುಂಗೂದಲು ಸರಿಮಾಡುವುದಕ್ಕೆ. ಎತ್ತರದಲ್ಲಿ ಬಂದ ಚೆಂಡಿಗೆ ತಲೆ ಕೊಡಲೇ ಇಲ್ಲ, ಕ್ರಾಪು ಕೆಡುತ್ತೆ ಅಂತ. ಎರಡನೇ ಅರ್ಧ ಮುಗಿಯುತ್ತಾ ಬಂದರೂ ಗೋಲಿಲ್ಲ. ಆಗ ಎಡಗಡೆಯಿಂದ ಜಕ್ಕೂರಿನವನು ಇಬ್ಬರು ಬೂಟಿನವರನ್ನು ದಾಟಿಕೊಂಡು ಬಂದು ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹೊಡೆದ. ಅದು ನೇರವಾಗಿ ನನ್ನ ಮುಖಕ್ಕೇ ಬರುತ್ತಿತ್ತು. ನಾನು ಎರಡೂ ಕೈಯಲ್ಲಿ ಕ್ರಾಪು ಮುಚ್ಚಿಕೊಳ್ಳಲು ಹೋಗಿ, ಹ್ಯಾಂಡ್‌ಬಾಲ್ ಆಗುತ್ತೆ ಅಂತ ಹೆದರಿ, ಬೆನ್ನು ತಿರುಗಿಸಿ ಬಗ್ಗಿದೆ. ಚೆಂಡು ತಲೆಯ ಹಿಂಭಾಗಕ್ಕೆ ಫಟ್ಟನೆ ಬಡಿದು, ಎಣ್ಣೆಗೆ ಜಾರಿ, ಗೋಲ್‌ಕೀಪರನ ಕೈಗೆ ಸಿಗದೆ ಕಂಬದ ಪಕ್ಕದಿಂದ ಒಳಗೆ ಹೋಯಿತು. ನಾನು ನೆಲ ನೋಡುತ್ತಿದ್ದೆ. ಜನ ಕೂಗಿದ್ದು ಕೇಳಿಯೇ ನನಗೆ ಗೋಲಾಗಿದ್ದು ಗೊತ್ತಾಗಿದ್ದು.

ಆ ಒಂದೇ ಗೋಲಿನಿಂದ ಗೆದ್ದೆವು. ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಏರಿಯ ಮೇಲೆ ಅಪ್ಪ ಎದ್ದು ನಿಂತು, ಟೋಪಿ ತೆಗೆದು, ಸುತ್ತ ಇದ್ದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. ಕಪ್ ಕೊಟ್ಟಾಗ ನಾನು ಎರಡೂ ಕೈ ಚಾಚಿ ಇಸಿದುಕೊಂಡೆ. ಅದನ್ನು ತಿರುಗಿ ಜಕ್ಕೂರಿನವನ ಕೈಗೆ ಕೊಡಬಹುದಿತ್ತು, ಅದೂ ನನಗೆ ಹೊಳೆಯಲಿಲ್ಲ. ಫೋಟೋದವನು ಬಂದಾಗ ಜಕ್ಕೂರಿನವನು ಎಲ್ಲಿ ಅಂತ ಯಾರೋ ಕೇಳಿದರು. ಹಾಲು ಕರೆಯುವ ಹೊತ್ತಾಯಿತು ಅಂತ ಹೊರಟುಹೋಗಿದ್ದಾನೆ, ಹೋಗುವ ಮುಂಚೆ ಒಂದು ಕಂಬ ಶೆಡ್ಡಿಗೆ ಮುಟ್ಟಿಸಿ ಹೋದ ಅಂದರು. ನಾನು ಬಾಚಣಿಗೆ ಕೇಳಿ ಇಸಿದುಕೊಂಡೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಅಪ್ಪ ಅನ್ನ ಕಲೆಸುತ್ತಾ, ನಿಮ್ಮ ಮೇಷ್ಟ್ರು ನನ್ನನ್ನ ಒಂದು ವಿಷಯ ಕೇಳಿದ್ರು, ಮೂರು ಗಂಟೆಗೆ ಹೆಬ್ಬಾಳದ ಮೇಲೆ ಗೂಡ್ಸ್ ಏನಾದ್ರೂ ಬಿಟ್ಟಿದ್ರಾ ಅಂತ ಅಂದರು. ನೀವೇನಂದ್ರಿ ಅಂದೆ.

"ಬಿಟ್ಟಿದ್ವಿ ಅಂದೆ."

ಹತ್ತು ಗಂಟೆಯನ್ನು ಹತ್ತು ಗಂಟೆ ಏಳು ನಿಮಿಷ ಅಂತ ತಿದ್ದುತ್ತಿದ್ದ ಮನುಷ್ಯ. ಆಫೀಸಿನ ಪೆನ್ಸಿಲ್ ಚೂರನ್ನೂ ಮನೆಗೆ ತರದ ಮನುಷ್ಯ. ಮುಖ ಎತ್ತದೆ ಮಜ್ಜಿಗೆ ಹಾಕಿಸಿಕೊಂಡು, ಉಂಡು, ಎಲೆ ಮಡಿಸಿ ಎದ್ದರು. ಆಮೇಲೆ ಬದುಕಿದ್ದಷ್ಟು ದಿನವೂ ಅವರು ಆ ಮಾತು ಮತ್ತೆ ಎತ್ತಲಿಲ್ಲ. ನಾನು ಅವತ್ತು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮಾರನೇ ದಿನ ಬೆಳಗ್ಗೆ ಜಕ್ಕೂರಿಗೆ ಹೋದೆ. ಅವನು ಕೊಟ್ಟಿಗೆಯಲ್ಲಿ ಆ ಹೊಸ ಕರುವಿನ ಮೈ ತಿಕ್ಕುತ್ತಿದ್ದ. ನಾನು ಸಲೂನಿನಲ್ಲಿ ಕೂತಿದ್ದೆ ಕಣೋ, ಗೇಟ್ ಹಾಕಿರಲೇ ಇಲ್ಲ ಅಂದೆ. ಗೊತ್ತು ಅಂದ. ದಾಟುವಾಗಲೇ ನನ್ನನ್ನು ನೋಡಿದ್ದನಂತೆ, ಕೂಗೋಣ ಅಂದುಕೊಂಡನಂತೆ, ಕ್ಷೌರದವನು ಕಿವಿಯ ಹತ್ತಿರ ಕತ್ತಿ ಇಟ್ಟಿದ್ದನಂತೆ, ಬೆಚ್ಚಿಬಿದ್ದರೆ ಕಷ್ಟ ಅಂತ ಸುಮ್ಮನಾದನಂತೆ. ಮತ್ತೆ ಯಾಕೋ ಸುಳ್ಳು ಹೇಳಿದೆ ನನಗೋಸ್ಕರ ಅಂತ ಕೇಳಿದೆ. ಅವನು ಕರುವಿನ ಕಿವಿಯಿಂದ ಉಣ್ಣೆಹುಳ ಕೀಳುತ್ತಾ ಹೇಳಿದ.

"ಆಚೆ ಕುಂತ್ಕಂಡು ಮ್ಯಾಚ್ ನೋಡೋದು ಎಂಗಿರ್ತದೆ ಅಂತ ನಂಗೊತ್ತು ಕಣೋ. ಅದ್ರಾಗೆ ನಿಮ್ಮಪ್ಪ ಬೇರೆ ಬರ್ತಾವ್ರೆ ಅಂತ ನೀನೇ ಅಂದಿದ್ದೆ."

ಅಲ್ಲಿಂದ ನೆಟ್ಟಗೆ ಕಾಲೇಜಿಗೆ ಹೋದೆ. ಮೇಷ್ಟ್ರು ನೋಟಿಸ್ ಬೋರ್ಡಿನ ಮುಂದೆ ನಿಂತು ಬರೆಯುತ್ತಿದ್ದರು. ಫಲಿತಾಂಶ ಇರುವೆಯಷ್ಟು. ಕೆಳಗೆ ಕಂಬ ಹೊತ್ತವರು, ಹತ್ತು ಹೆಸರು ದಪ್ಪಗೆ. ಹಿಂದಿನ ಮ್ಯಾಚುಗಳ ಹಾಳೆಗಳೂ ಕೆಳಗೆ ಹಾಗೇ ಚುಚ್ಚಿದ್ದವು. ನಾನು ಅವನ್ನು ಮೊದಲ ಸಲ ಪೂರ್ತಿ ಓದಿದೆ. ವರ್ಷವೆಲ್ಲ ಮೇಲಿಂದ ಕೆಳಗೆ ಎಲ್ಲೂ ನನ್ನ ಹೆಸರಿರಲಿಲ್ಲ. ಸಾರ್, ನಿನ್ನೆ ಗೂಡ್ಸ್ ಗಾಡಿ ಅಂತ ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಗೂಡ್ಸ್ ಹೋಗಿದ್ದು ನಿಜ ಕಣಯ್ಯ. ಎರಡು ಸಾಕ್ಷಿ ಇದೆ. ಒಬ್ಬ, ನೀನು ಆಚೆ ಕೂರಿಸಿದವನು. ಇನ್ನೊಬ್ಬರು ನಿಮ್ಮಪ್ಪ. ಅವರಿಬ್ಬರನ್ನ ಸುಳ್ಳುಗಾರರು ಅನ್ನೋಕೆ ನಾನಂತೂ ತಯಾರಿಲ್ಲ. ನೀನು ಅಂತೀಯಾ?"

ತಪ್ಪೊಪ್ಪಿಕೊಂಡು ಹಗುರಾಗೋಣ ಅಂತ ಬಂದಿದ್ದವನಿಗೆ ಆ ಬಾಗಿಲೂ ಮುಚ್ಚಿತ್ತು. ಅವರು ಬೈದಿದ್ದರೆ, ಕ್ಯಾಪ್ಟನ್‌ಗಿರಿ ಕಿತ್ತುಕೊಂಡಿದ್ದರೆ, ನಾಲ್ಕು ದಿನದಲ್ಲಿ ಮರೆತು ಓಡಾಡಿಕೊಂಡಿರುತ್ತಿದ್ದೆ. ಅವರು ನಶ್ಯ ಏರಿಸಿ, ಮೂರು ಗಂಟೆಗೆ ಬಾ ಅಂತ ಹೇಳಿ ಹೊರಟುಹೋದರು. ಅವತ್ತು ಚೆಂಡನ್ನು ಬೇರೆಯವನ ಕೈಗೆ ಕೊಟ್ಟು ನಾನು ಕಂಬದ ಬುಡಕ್ಕೆ ಹೋದೆ. ಅದು ಎಷ್ಟು ಭಾರ ಅಂತ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ಹೆಜ್ಜೆಗೆ ಭುಜ ಉರಿಯಿತು.

ಮೊನ್ನೆ ಆ ಮಕ್ಕಳ ಮುಂದೆ ನಿಂತು ಈ ಕಥೆ ಹೇಳಿಬಿಡೋಣ ಅಂತಲೇ ಹೋಗಿದ್ದೆ. ಮೇಷ್ಟ್ರು ಇಲ್ಲ, ಅಪ್ಪ ಇಲ್ಲ, ಇನ್ನು ಯಾರಿಗೆ ನೋವು ಅಂದುಕೊಂಡಿದ್ದೆ. ಮೈಕು ಕೈಗೆ ಬಂದ ಮೇಲೆ ಧೈರ್ಯ ಬರಲಿಲ್ಲ. ನಿಮ್ಮ ಕೋಚ್ ಅವರಿಂದ ನೀವು ಕಲಿತದ್ದೇನು ಅಂತ ಆ ಎಣಿಸುವ ಹುಡುಗಿಯೇ ಕೇಳಿದಳು. "ಸಮಯಪಾಲನೆ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿ, ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ಈಗ ಫೋಟೋದ ಪಕ್ಕದಲ್ಲೇ ಇದೆ. ಟಿಕ್ ಟಿಕ್ ಅಂತ ನನ್ನನ್ನು ಆಡಿಕೊಳ್ಳುತ್ತಾ ಇರುತ್ತೆ.

ಇದನ್ನು ಬರೆಯಲು ಕೂರುವ ಮೊದಲು ಜಕ್ಕೂರಿಗೆ ಫೋನ್ ಮಾಡಿದೆ. ಅವನ ಕೊಟ್ಟಿಗೆ ಇದ್ದ ಕಡೆ ಈಗ ಅಪಾರ್ಟ್‌ಮೆಂಟ್ ಎದ್ದಿದೆ, ಅದರಲ್ಲೇ ಮೂರನೇ ಮಹಡಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾನೆ. ಮಂಡಿ ನೋವಂತೆ, ಮಾತು ಮಾತ್ರ ಹಾಗೇ ಇದೆ. ನಿಜ ಬರೆದುಬಿಡ್ತೀನಿ ಕಣೋ, ಅವತ್ತು ಗೂಡ್ಸ್ ಬಂದಿರಲಿಲ್ಲ ಅಂತ ಬರೀತೀನಿ ಅಂದೆ.

"ಬಂದಿತ್ತು ಕಣೋ" ಅಂದ. "ನಾನೇ ನಿಂತು ಎಣ್ಸಿದ್ದೀನಿ. ನಲವತ್ತೊಂದು ಡಬ್ಬಿ."